ಜಗಲಿಯ ಸೊಳ್ಳೆ ಮೆಶ್ ನಾನೇ ಬದಲಾಯಿಸಿದೆ

ಚಿಕ್ಕಮಗಳೂರಿನ ನಮ್ಮ ಮನೆ ಜಗಲಿಗೆ ಅಲ್ಯೂಮಿನಿಯಂ ಫ್ರೇಮಿನ ಸೊಳ್ಳೆ ಮೆಶ್ ಇದೆ. ಬೆಕ್ಕು ಹತ್ತಿ ಹತ್ತಿ ಕೆಳಗಿನ ಮೂಲೆಯಲ್ಲಿ ಗೇಣುದ್ದ ಹರಿದಿತ್ತು. ಮೊದಲು ಟೇಪ್ ಅಂಟಿಸಿದೆ. ಒಂದೇ ಮಳೆಗೆ ಕಿತ್ತು ಬಂತು. ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲೇ ಅಲ್ವಾ? ಅಮ್ಮ ಅಕ್ಕಿ ಆರಿಸುತ್ತಾ ಕೂರುವುದೂ ಅಲ್ಲೇ. ಪೂರ್ತಿ ಬದಲಾಯಿಸಿಯೇಬಿಡೋಣ ಅಂದುಕೊಂಡೆ.

ಫ್ರೇಮಿನ ಸಂದಿಯಲ್ಲಿ ಕೂರಿಸಿದ ಬೀಡಿಂಗೇ, ಅಂದರೆ ಹಗ್ಗದಂಥ ರಬ್ಬರ್ ಎಳೆಯೇ, ಮೆಶ್ಶನ್ನು ಹಿಡಿದಿರುತ್ತದೆ. ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ಎಳೆದೆ. ಒಣಗಿ ಕಡ್ಡಿಯಾಗಿತ್ತು, ತುಂಡು ತುಂಡಾಗಿ ಬಂತು. ಒಂದು ತುಂಡನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ದಪ್ಪದ್ದು ತನ್ನಿ. ತೆಳುವಾದರೆ ಮೆಶ್ ಜಾರುತ್ತದೆ, ದಪ್ಪವಾದರೆ ಒಳಗೆ ಇಳಿಯುವುದೇ ಇಲ್ಲ. ಮೆಶ್ ಫೈಬರ್‌ಗ್ಲಾಸಿನದು ತಂದೆ. ನಮ್ಮ ಕಡೆ ಮಳೆಗೆ ಕಬ್ಬಿಣದ್ದಾದರೆ ತುಕ್ಕು ಹಿಡಿಯುತ್ತದೆ.

ಫ್ರೇಮನ್ನು ನೆಲಕ್ಕೆ ಮಲಗಿಸಿ, ಸಂದಿಯ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಸುತ್ತ 2 ಇಂಚು ಜಾಸ್ತಿ ಬಿಟ್ಟು ಮೆಶ್ ಕತ್ತರಿಸಿದೆ. ಒಂದು ಮೂಲೆಯಿಂದ ಶುರು ಮಾಡಿ ಬೀಡಿಂಗ್ ಒತ್ತುತ್ತಾ ಹೋದೆ. ಇಲ್ಲೇ ಎಡವಿದ್ದು. ಬಿಗಿಯಾಗಿರಲಿ ಅಂತ ಜೋರಾಗಿ ಎಳೆದೆ, ಫ್ರೇಮಿನ ಉದ್ದದ ಪಟ್ಟಿ ಒಳಕ್ಕೆ ಬಾಗಿತು. ಎರಡು ಬದಿ ಬಿಚ್ಚಿ ಮತ್ತೆ ಹಾಕಬೇಕಾಯಿತು. ಸುಕ್ಕಿಲ್ಲದೆ ಹರಡಿದ್ದರೆ ಸಾಕು, ಬೀಡಿಂಗ್ ಒಳಗಿಳಿಯುವಾಗ ತಾನೇ ಬಿಗಿಯುತ್ತದೆ. ಕೊನೆಗೆ ಹೆಚ್ಚಾದ ಮೆಶ್ಶನ್ನು ಬೀಡಿಂಗಿನ ಹೊರಬದಿಯಲ್ಲಿ ಬ್ಲೇಡಿನಿಂದ ಕೊಯ್ದೆ.

ಬೆಕ್ಕು ಹತ್ತುವ ಮೂಲೆಗೆ ಈಗ ಮೊಣಕಾಲೆತ್ತರದ ಹಲಗೆ ಒರಗಿಸಿದ್ದೇನೆ.