ನಲವತ್ತೆರಡು ಮೋಟಾರ್‌ಗಳಿಗೆ ಒಂದೇ ಪಾಪ್‌ಅಪ್

ಸಕ್ಕರೆ ಕಾರ್ಖಾನೆಯೊಂದರ ಬಾಯ್ಲಿಂಗ್ ಹೌಸ್‌ಗೆ (ರಸ ಕುದಿಸಿ ಸಕ್ಕರೆ ಮಾಡುವ ವಿಭಾಗ) ಆಪರೇಟರ್ ಸ್ಕ್ರೀನ್ ಮಾಡಿಕೊಡಲು ಹೋದಾಗ ಮೋಟಾರ್‌ಗಳ ಪಟ್ಟಿಯಲ್ಲಿ 42 ಹೆಸರುಗಳಿದ್ದವು. ಪ್ರತಿಯೊಂದಕ್ಕೂ ಸ್ಟಾರ್ಟ್, ಸ್ಟಾಪ್, ಆಟೋ-ಮ್ಯಾನುಯಲ್, ಟ್ರಿಪ್ (ದೋಷದಿಂದ ತಾನಾಗಿ ನಿಂತದ್ದು) ರೀಸೆಟ್, ಕರೆಂಟ್, ಓಡಿದ ಗಂಟೆ. ಮೊದಲ ಮೋಟಾರಿಗೆ ಪಾಪ್‌ಅಪ್ (ಚಿತ್ರ ಮುಟ್ಟಿದಾಗ ತೆರೆಯುವ ಪುಟ್ಟ ಕಿಟಕಿ) ಮಾಡಿ, ಅದನ್ನೇ ನಕಲು ಮಾಡುತ್ತಾ ಹೋದೆ. ಏಳನೆಯದರಲ್ಲಿ ಸ್ಟಾಪ್ ಬಟನ್ನಿನ ಟ್ಯಾಗ್, ಅಂದರೆ ಅದು ಯಾವ ಬೆಲೆಯನ್ನು ಬದಲಿಸಬೇಕೆಂದು ಹೇಳುವ ಹೆಸರು, ಬದಲಿಸಲು ಮರೆತಿದ್ದೆ. ಅದು ಆರನೆಯ ಮೋಟಾರನ್ನು ನಿಲ್ಲಿಸುತ್ತಿತ್ತು. ಸಿಮ್ಯುಲೇಷನ್‌ನಲ್ಲೇ ಸಿಕ್ಕಿಬಿದ್ದಿತು. ಅಂದೇ ನಕಲು ಮಾಡುವುದನ್ನು ಬಿಟ್ಟೆ.

ಯಂತ್ರಗಳನ್ನು ನಡೆಸುವ ಕಂಪ್ಯೂಟರ್ ಆದ ಸೀಮೆನ್ಸ್ ಎಸ್7-1500 ಪಿಎಲ್‌ಸಿಯಲ್ಲಿ ಎಲ್ಲ ಮೋಟಾರ್‌ಗಳ ಮಾಹಿತಿಯನ್ನೂ ಒಂದೇ ಅರೇಯಲ್ಲಿ (ಸಂಖ್ಯೆ ಹಾಕಿದ ಸಾಲು) ಇಟ್ಟೆ, 0ರಿಂದ 60ರವರೆಗೆ. ಆಪರೇಟರ್ ಮುಟ್ಟುವ ಸ್ಕ್ರೀನ್ ಇರುವ ಪ್ಯಾನೆಲ್ಲಿನ ಟ್ಯಾಗ್ ವಿಳಾಸದಲ್ಲಿ ಅರೇ ಸಂಖ್ಯೆ ಬರಬೇಕಾದ ಜಾಗದಲ್ಲಿ ಇನ್ನೊಂದು ಟ್ಯಾಗನ್ನು ಕೂರಿಸಿದೆ, ಅದೇ ಇಂಡೆಕ್ಸ್. ಸ್ಕ್ರೀನಿನಲ್ಲಿ ಮೋಟಾರಿನ ಚಿತ್ರ ಮುಟ್ಟಿದರೆ ಇಂಡೆಕ್ಸ್ 17 ಆಗುತ್ತದೆ, ಪಾಪ್‌ಅಪ್ ತೆರೆಯುತ್ತದೆ, ಒಳಗಿನ ಎಲ್ಲವೂ 17ನೆಯ ಮೋಟಾರಿನದಾಗುತ್ತದೆ. ವೀನ್‌ಟೆಕ್ ಕಂಪನಿಯ ಪ್ಯಾನೆಲ್ ಬಳಸುವವರು ಇದೇ ಕೆಲಸವನ್ನು ಎಲ್‌ಡಬ್ಲ್ಯೂ-9200ರಿಂದ ಶುರುವಾಗುವ ಇಂಡೆಕ್ಸ್ ರಿಜಿಸ್ಟರ್‌ಗಳಿಂದ ಮಾಡಿಕೊಳ್ಳುತ್ತಾರೆ.

ಇಷ್ಟು ಅರ್ಧ ದಿನದ ಕೆಲಸ. ಉಳಿದದ್ದಕ್ಕೆ ಎರಡು ವಾರ ಹಿಡಿಯಿತು.

ಇಂಡೆಕ್ಸನ್ನು ನಾನು ಪಿಎಲ್‌ಸಿಯಲ್ಲಿ ಇಟ್ಟಿದ್ದೆ. ಪ್ಯಾನೆಲ್‌ಗಳು ಎರಡು: ಒಂದು ಕಂಟ್ರೋಲ್ ರೂಮಿನಲ್ಲಿ, ಇನ್ನೊಂದು ಪ್ಯಾನ್ ಫ್ಲೋರ್‌ನಲ್ಲಿ, ಅಂದರೆ ಪಾಕ ಕುದಿಸುವ ಪ್ಯಾನ್‌ಗಳಿರುವ ಮಹಡಿಯಲ್ಲಿ. ಖಾಲಿ ಓಡಿಸಿ ನೋಡುವ ದಿನ ನಾನು ಒಂದು ಪ್ಯಾನೆಲ್ಲಿನಲ್ಲಿ ಸಿರಪ್ ಪಂಪಿನ ಪಾಪ್‌ಅಪ್ ತೆರೆದು ನಿಂತಿದ್ದೆ. ಅದೇ ಹೊತ್ತಿಗೆ ಇನ್ನೊಂದು ಪ್ಯಾನೆಲ್ಲಿನ ಬಳಿಯಿದ್ದ ಆಪರೇಟರ್ ಬೇರೊಂದು ಮೋಟಾರನ್ನು ಮುಟ್ಟಿದ. ನಾನು ಸ್ಟಾರ್ಟ್ ಒತ್ತಿದೆ, ತಿರುಗಿದ್ದು ಕ್ರಿಸ್ಟಲೈಸರ್ (ಪಾಕವನ್ನು ಹರಳುಗಟ್ಟಿಸುವ ಯಂತ್ರ). ಅದರ ಬಳಿ ಯಾರೂ ಇರಲಿಲ್ಲ. ಆ ಸಂಜೆಯೇ ಇಂಡೆಕ್ಸನ್ನು ಆಯಾ ಪ್ಯಾನೆಲ್ಲಿನ ಆಂತರಿಕ ಟ್ಯಾಗ್ ಮಾಡಿದೆ. ಯಾರು ಏನನ್ನು ನೋಡುತ್ತಿದ್ದಾರೆ ಎಂಬುದು ಪ್ಯಾನೆಲ್ಲಿನ ಸಂಗತಿ, ಯಂತ್ರದ್ದಲ್ಲ.

ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ಇಂಡೆಕ್ಸ್ ಬದಲಾದೊಡನೆ ಹೊಸ ಬೆಲೆಗಳು ಬರುವುದಿಲ್ಲ. ಮುಂದಿನ ಓದುವ ಆವರ್ತದವರೆಗೆ ಹಿಂದಿನ ಮೋಟಾರಿನ ಕರೆಂಟ್ ಮತ್ತು ಬಣ್ಣವೇ ಕಾಣುತ್ತಿರುತ್ತವೆ. ಆವರ್ತ ಒಂದು ಸೆಕೆಂಡ್ ಇದ್ದರೆ, ಅವಸರದಲ್ಲಿರುವ ಆಪರೇಟರಿಗೆ ಸುಳ್ಳು ನಂಬಲು ಅಷ್ಟು ಸಾಕು. ಆವರ್ತವನ್ನು ಇಳಿಸಿದೆ, ಆದರೆ ಅದನ್ನೇ ನಂಬಿ ಕೂರಲಿಲ್ಲ. ಅರೇಯ ಪ್ರತಿ ಅಂಗದೊಳಗೂ ಅದರದೇ ಸಂಖ್ಯೆ ಬರೆದಿಟ್ಟೆ. ಪಾಪ್‌ಅಪ್ ಆ ಸಂಖ್ಯೆಯನ್ನು ಓದಿ ಇಂಡೆಕ್ಸಿನೊಂದಿಗೆ ಹೋಲಿಸುತ್ತದೆ. ಎರಡೂ ಒಂದಾಗುವವರೆಗೆ ಬಟನ್‌ಗಳು ಕೆಲಸ ಮಾಡುವುದಿಲ್ಲ. ಮೇಲಿನ ಹೆಸರೂ ಅದೇ ಅಂಗದಿಂದಲೇ ಬರುತ್ತದೆ, ಪ್ಯಾನೆಲ್ಲಿನ ಪಠ್ಯಪಟ್ಟಿಯಿಂದಲ್ಲ.

ಒತ್ತಿದಾಗ 1, ಬಿಟ್ಟಾಗ 0 ಆಗುವ ಬಟನ್‌ಗಳನ್ನು ಇಂಡೆಕ್ಸಿನಿಂದ ವಿಳಾಸ ಬದಲಾಗುವ ಟ್ಯಾಗಿಗೆ ಕಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒತ್ತುವಾಗ ಇಂಡೆಕ್ಸ್ 9, ಬೆರಳು ಎತ್ತುವ ಮುನ್ನ ಅದು 10 ಆಯಿತು ಎನ್ನಿ: 1 ಬರೆದದ್ದು ಒಂಬತ್ತಕ್ಕೆ, 0 ಬರೆದದ್ದು ಹತ್ತಕ್ಕೆ. ಒಂಬತ್ತರ ಸ್ಟಾರ್ಟ್ ಬಿಟ್ ಹಾಗೆಯೇ ನಿಂತುಬಿಡುತ್ತದೆ. ಟ್ರಿಪ್ ರೀಸೆಟ್ ಆದ ಕ್ಷಣವೇ ಮೋಟಾರ್ ತಾನಾಗಿ ಓಡಬಹುದು, ಅಷ್ಟರಲ್ಲಿ ಅಲ್ಲಿ ಫಿಟ್ಟರ್‌ನ ಕೈ ಇರಬಹುದು. ಈಗ ನನ್ನ ಬಟನ್ 1 ಬರೆಯುವುದಷ್ಟೇ. ಪಿಎಲ್‌ಸಿ ಆಜ್ಞೆಯನ್ನು ಪಡೆದ ಸ್ಕ್ಯಾನಿನಲ್ಲೇ (ಪ್ರೋಗ್ರಾಮಿನ ಒಂದು ಸುತ್ತು) ಅದನ್ನು ತಾನೇ 0 ಮಾಡುತ್ತದೆ. ಎಮರ್ಜೆನ್ಸಿ ಸ್ಟಾಪ್ ಮಾತ್ರ ಯಾವ ಪಾಪ್‌ಅಪ್ಪಿನಲ್ಲೂ ಇಲ್ಲ, ಅದು ನೇರ ತಂತಿಯ ಜೋಡಣೆಯಲ್ಲೇ ಇರುತ್ತದೆ.

ಅರೇಯ 0ನೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಪಾಪ್‌ಅಪ್ ಮುಚ್ಚಿದಾಗ ಇಂಡೆಕ್ಸ್ ಅಲ್ಲಿಗೆ ಮರಳುತ್ತದೆ.

ಮುಂದಿನ ಹಂಗಾಮಿಗೆ ಎರಡು ಮೊಲಾಸಸ್ ಪಂಪ್‌ಗಳು ಸೇರಿದವು. 43 ಮತ್ತು 44ಕ್ಕೆ ಹೆಸರು, ಸಂಖ್ಯೆ ತುಂಬಿ, ಪಿಎಲ್‌ಸಿಯಲ್ಲಿ ಎರಡು ಬ್ಲಾಕ್ (ಮೋಟಾರ್ ನಡೆಸುವ ಪ್ರೋಗ್ರಾಮಿನ ತುಣುಕು) ಕರೆದು, ಸ್ಕ್ರೀನಿನ ಮೇಲೆ ಎರಡು ಚಿತ್ರ ಇಟ್ಟೆ. ಪಾಪ್‌ಅಪ್ಪನ್ನು ಮುಟ್ಟಲೇ ಇಲ್ಲ.