ಹೊಸ ಅಡುಗೆ ಪುಸ್ತಕ, ನಾಲ್ಕೈದು ಕೈ

ಗೆಳೆಯರೆಲ್ಲ ಸೇರಿ ಹೊಸ ಸಸ್ಯಾಹಾರಿ ಅಡುಗೆ ಪ್ರಯತ್ನಿಸುವುದಾದರೆ ಎಲ್ಲರೂ ಅವರವರ ಮನೆಯಲ್ಲಿ ಒಂದೇ ಪುಸ್ತಕದ ಒಂದೇ ಅಡುಗೆ ಮಾಡಿ ತನ್ನಿ. ರುಚಿ ಎಲ್ಲಿ ಬೇರೆಯಾಯಿತು ಎಂಬುದು ಆಗಲೇ ಗೊತ್ತಾಗುವುದು. ಮೊದಲ ಸಲ ಬರೆದಂತೆಯೇ ಮಾಡಿ. ನಿಮ್ಮ ಕೈಚಳಕ ಎರಡನೇ ಸಲಕ್ಕಿರಲಿ.

ಎಡವಟ್ಟಾಗುವುದು ಹೆಚ್ಚಾಗಿ ಅಳತೆಯಲ್ಲೇ. ಕಪ್ ಎಂದರೆ ಕೆಲವು ಪುಸ್ತಕಗಳಲ್ಲಿ 240 ಮಿ.ಲೀ., ಕೆಲವದರಲ್ಲಿ 250. ಟೇಬಲ್ ಚಮಚ ಸಾಮಾನ್ಯವಾಗಿ 15 ಮಿ.ಲೀ., ಆಸ್ಟ್ರೇಲಿಯಾದ ಪುಸ್ತಕವಾದರೆ 20. ಹಿಟ್ಟಿನದಂತೂ ಇನ್ನೂ ಫಜೀತಿ. ಚಮಚದಲ್ಲಿ ಹಗುರವಾಗಿ ತುಂಬಿದ ಒಂದು ಕಪ್ ಮೈದಾ ಸುಮಾರು 125 ಗ್ರಾಂ ತೂಗುತ್ತದೆ. ಕಪ್ಪನ್ನೇ ಡಬ್ಬಿಯೊಳಗೆ ಒತ್ತಿ ತೆಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಕೇಕ್ ಗಟ್ಟಿಯಾಗಿ ಒಣಗುವುದು ಎಷ್ಟೋ ಸಲ ಇದರಿಂದಲೇ. ಗ್ರಾಂ ಲೆಕ್ಕ ಕೊಟ್ಟಿದ್ದರೆ ತಕ್ಕಡಿಯನ್ನೇ ನಂಬಿ.

ಪ್ರಮಾಣ ದುಪ್ಪಟ್ಟು ಮಾಡುವಾಗ ಅಣಬೆಯನ್ನು ಎರಡು ಕಂತಿನಲ್ಲಿ ಹುರಿಯಿರಿ. ಬಾಣಲೆ ತುಂಬ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಉಪ್ಪು, ಖಾರ ಮುಕ್ಕಾಲು ಪಾಲು ಹಾಕಿ, ಕೊನೆಗೆ ನೋಡಿಕೊಂಡು ಸರಿಮಾಡಿ. ಈರುಳ್ಳಿ ಐದೇ ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ ಎಂದು ಬರೆದಿದ್ದರೆ ನಂಬಬೇಡಿ; ಸಣ್ಣ ಉರಿಯಲ್ಲಿ ಅರ್ಧ ಗಂಟೆಯಾದರೂ ಬೇಕು.

ಉಂಡ ಕೂಡಲೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ: ತಾರೀಖು, ಹಿಡಿದ ಹೊತ್ತು, ಬಳಸಿದ ಪಾತ್ರೆ.