ಏರ್ ಪಿಸ್ತೂಲ್ ಕಲಿಯುವುದು ಹೇಗೆ? ಗುರಿಹಲಗೆ ಆಮೇಲೆ, ಕೈ ಮೊದಲು

ಅಂಗಿಯ ಗುಂಡಿಯಷ್ಟು ಅಗಲ, 11.5 ಮಿಲಿಮೀಟರ್. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹತ್ತು ಅಂಕ ಕೊಡುವ ವೃತ್ತ ಇಷ್ಟೇ. ಎಲ್ಲಿಗೂ ಒರಗದೆ, ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 60 ಸಲ ಹೊಡೆಯಬೇಕು. ಸಿಗುವ ಸಮಯ ಒಂದೂಕಾಲು ಗಂಟೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 221.7 ಅಂಕ ಗಳಿಸಿ ಕಂಚು ಗೆದ್ದರು, ಕೇವಲ 0.1 ಅಂಕ ಹಿಂದೆ ಬಿದ್ದಿದ್ದಕ್ಕೆ ಬೆಳ್ಳಿಯ ಸ್ಪರ್ಧೆಯಿಂದ ಹೊರಬಿದ್ದಿದ್ದರು. ನಮ್ಮ ಬೆಂಗಳೂರಿನವರೂ ಈ ಆಟದಲ್ಲಿ ಹಿಂದೆ ಉಳಿದಿಲ್ಲ. ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಬೆಳ್ಳಿ ತಂದರು.

ಪದಕದ ಸುದ್ದಿ ಬಂದಾಗಲೆಲ್ಲ ಕ್ಲಬ್‌ಗಳಿಗೆ ಹೊಸಬರು ಬರುತ್ತಾರೆ. ಬಂದವರ ಕಣ್ಣೆಲ್ಲ ಎದುರಿನ ಕಪ್ಪು ವೃತ್ತದ ಮೇಲೆ. ಆದರೆ ಮೊದಲ ಕೆಲವು ತಿಂಗಳು ಕಲಿಯಬೇಕಾದ್ದೆಲ್ಲ ಆ ಹತ್ತು ಮೀಟರಿನ ಈಚೆ ತುದಿಯಲ್ಲಿದೆ: ನಿಮ್ಮ ಕಾಲು, ತೋಳು, ಬೆರಳು ಮತ್ತು ಕಣ್ಣಿನಲ್ಲಿ.

ಮೊದಲು ಸುರಕ್ಷತೆ, ಅದೂ ಕೈಗೆ ರೂಢಿಯಾಗುವಷ್ಟು

‘ಗಾಳಿ ಪಿಸ್ತೂಲು ತಾನೇ’ ಅನ್ನುವ ಉಡಾಫೆ ಬೇಡ. 4.5 ಮಿ.ಮೀ. ವ್ಯಾಸದ ಸೀಸದ ಪೆಲೆಟ್ ನಳಿಕೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಆದ್ದರಿಂದ ಪಿಸ್ತೂಲು ಯಾವಾಗಲೂ ಲೋಡ್ ಆಗಿದೆ ಎಂದೇ ತಿಳಿದು ನಡೆದುಕೊಳ್ಳಬೇಕು. ಪಕ್ಕದವರು ‘ಖಾಲಿ ಇದೆ’ ಎಂದು ಕೈಗೆ ಕೊಟ್ಟರೂ ನೀವೇ ತೆರೆದು ನೋಡಬೇಕು. ಅದನ್ನು ಅನುಮಾನ ಎಂದು ಯಾರೂ ತಪ್ಪು ತಿಳಿಯುವುದಿಲ್ಲ. ನೋಡದೆ ತೆಗೆದುಕೊಂಡರೆ ಮಾತ್ರ ಕೋಚ್ ಗದರುತ್ತಾರೆ.

ನಳಿಕೆಯ ಬಾಯಿ ಸದಾ ಗುರಿಹಲಗೆಯ ಕಡೆಗೇ ಇರಲಿ. ಹೊಸಬರು ಎಡವುವುದು ಹೊಡೆಯುವಾಗ ಅಲ್ಲ, ಮಾತಾಡುವಾಗ. ಹಿಂದಿನಿಂದ ಯಾರೋ ಹೆಸರು ಕರೆದರೆ ಪಿಸ್ತೂಲಿನ ಸಮೇತ ತಿರುಗಿಬಿಡುತ್ತಾರೆ. ಕರೆ ಬಂದರೆ ಮೊದಲು ಪಿಸ್ತೂಲು ಮೇಜಿನ ಮೇಲೆ, ಆಮೇಲೆ ಕತ್ತು ಹಿಂದಕ್ಕೆ. ಇದನ್ನೇ ಹತ್ತಾರು ಸಲ ಬೇಕೆಂದೇ ಅಭ್ಯಾಸ ಮಾಡಿಸುವ ಕೋಚ್ ಸಿಕ್ಕರೆ ಅದೃಷ್ಟ ಅಂದುಕೊಳ್ಳಿ.

ಗುರಿ ಇಟ್ಟು ಹೊಡೆಯಲು ಸಿದ್ಧರಾಗುವವರೆಗೆ ಬೆರಳು ಟ್ರಿಗರಿನಿಂದ ಹೊರಗೆ, ಪಿಸ್ತೂಲಿನ ಪಕ್ಕಕ್ಕೆ ನೆಟ್ಟಗೆ ಚಾಚಿರಬೇಕು. ಸ್ಪರ್ಧೆಯ ಪಿಸ್ತೂಲಿನ ಟ್ರಿಗರ್‌ಗೆ ಬೇಕಾದ ಕನಿಷ್ಠ ಭಾರ 500 ಗ್ರಾಂ ಅಷ್ಟೇ. ಬೆರಳು ತಾಗಿದ್ದು ಗೊತ್ತಾಗುವ ಮೊದಲೇ ಪೆಲೆಟ್ ಹೋಗಿರುತ್ತದೆ.

ರೇಂಜ್‌ಗೆ, ಅಂದರೆ ಗುರಿ ಹೊಡೆಯುವ ಜಾಗಕ್ಕೆ, ಪಿಸ್ತೂಲು ಪೆಟ್ಟಿಗೆಯಲ್ಲೇ ಬರಬೇಕು, ನಿಮ್ಮ ಜಾಗದ ಮೇಜಿನ ಮೇಲೆಯೇ ಪೆಟ್ಟಿಗೆ ತೆರೆಯಬೇಕು. ಹೊಡೆಯದಿರುವಾಗ ನಳಿಕೆಯೊಳಗೆ ಸೇಫ್ಟಿ ಫ್ಲ್ಯಾಗ್ ಎಂಬ ಕಡುಬಣ್ಣದ ದಾರ ತೂರಿಸಿರಬೇಕು. ಆ ದಾರ ಎರಡೂ ಕಡೆ ಕಾಣುತ್ತಿದ್ದರೆ ಒಳಗೆ ಪೆಲೆಟ್ ಇಲ್ಲ ಎಂದು ದೂರದಿಂದಲೇ ಗೊತ್ತಾಗುತ್ತದೆ. ‘ಸ್ಟಾಪ್’ ಎಂಬ ಕೂಗು ಕೇಳಿದರೆ ಅರ್ಧ ಎಳೆದ ಟ್ರಿಗರನ್ನೂ ಬಿಡಬೇಕು. ಗುರಿಹಲಗೆಯ ಕಾಗದದ ಕಾರ್ಡ್ ಬದಲಿಸಲು ಯಾರಾದರೂ ಮುಂದೆ ಹೋಗಿದ್ದರೆ ಪಿಸ್ತೂಲನ್ನು ಮುಟ್ಟುವಂತಿಲ್ಲ, ಒರೆಸುವ ನೆಪದಲ್ಲೂ ಇಲ್ಲ. ಟ್ರಿಗರ್ ಎಳೆದರೂ ಪೆಲೆಟ್ ಹೊರಡದಿದ್ದರೆ ಅಲ್ಲಾಡಿಸಿ ನೋಡಬೇಡಿ, ಬಾಯಿಯೊಳಗೆ ಇಣುಕಬೇಡಿ. ನಳಿಕೆ ಮುಂದಕ್ಕೇ ಇರಲಿ, ಇನ್ನೊಂದು ಕೈ ಎತ್ತಿ ರೇಂಜ್ ಅಧಿಕಾರಿಯನ್ನು ಕರೆಯಿರಿ.

ಪೆಲೆಟ್ ಸೀಸದ್ದು. ಅದನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಚಾಳಿ ಕೆಲವರಿಗಿರುತ್ತದೆ, ಬೇಡವೇ ಬೇಡ. ಅಭ್ಯಾಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದೇ ಟಿಫಿನ್ ಡಬ್ಬಿ ತೆಗೆಯಿರಿ.

ನಿಲ್ಲುವುದು

ಕೊಡಗಿನ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡವರಿಗೆ ಗೊತ್ತು, ಕೋವಿಗೆ ಎರಡು ಕೈ, ಹೆಗಲು, ಕೆನ್ನೆ ಎಲ್ಲ ಆಸರೆ. ಪಿಸ್ತೂಲಿಗೆ ಅದಾವುದೂ ಇಲ್ಲ. ಒಂದು ಕಿಲೋ ಆಸುಪಾಸಿನ ಭಾರ ಚಾಚಿದ ತೋಳಿನ ತುದಿಯಲ್ಲಿ ನೇತಾಡುತ್ತದೆ. ಹಾಗಾಗಿ ನಿಲ್ಲುವ ಭಂಗಿಯೇ ಈ ವಿದ್ಯೆಯ ಬುಡ.

ಗುರಿಗೆ ಪಕ್ಕ ಕೊಟ್ಟು, ಕಾಲುಗಳನ್ನು ಹೆಗಲಿನಷ್ಟು ಅಗಲಿಸಿ, ಎರಡಕ್ಕೂ ಸಮಭಾರ ಹಾಕಿ ನಿಲ್ಲಿ. ಮೊಣಕೈ ನೆಟ್ಟಗಿರಲಿ. ಬಿಡುವಿರುವ ಕೈಯನ್ನು ಜೇಬಿಗೆ ಇಳಿಸಿ, ಇಲ್ಲವೇ ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿ. ಸುಮ್ಮನೆ ಬಿಟ್ಟರೆ ಅದು ತೂಗಾಡಿ ಮೈಯನ್ನೂ ತೂಗಿಸುತ್ತದೆ. ಈಗ ಕಣ್ಣು ಮುಚ್ಚಿ, ಖಾಲಿ ಪಿಸ್ತೂಲನ್ನು ಗುರಿಯ ಎತ್ತರಕ್ಕೆ ಎತ್ತಿ, ಕಣ್ಣು ತೆರೆಯಿರಿ. ಪಿಸ್ತೂಲು ಎಡಕ್ಕೋ ಬಲಕ್ಕೋ ನೋಡುತ್ತಿದ್ದರೆ ಮಣಿಕಟ್ಟನ್ನು ತಿರುಚಿ ಸರಿಮಾಡಬೇಡಿ. ಪಾದಗಳನ್ನು ಕೊಂಚ ಸರಿಸಿ ಇಡೀ ಮೈಯನ್ನೇ ತಿರುಗಿಸಿ. ತೋಳನ್ನು ಬಲವಂತವಾಗಿ ಎಳೆದು ನಿಲ್ಲಿಸಿದರೆ ಹತ್ತನೇ ಹೊಡೆತಕ್ಕೆ ಅದು ತನ್ನ ಜಾಗಕ್ಕೇ ಜಾರುತ್ತದೆ.

ಕಣ್ಣು ಎಲ್ಲಿರಬೇಕು?

ಇಡೀ ವಿದ್ಯೆಯ ತಿರುಳು ಇಲ್ಲಿದೆ, ಹೊಸಬರು ನಂಬಲು ಒಪ್ಪದ ಸಂಗತಿಯೂ ಇದೇ. ಪಿಸ್ತೂಲಿನ ಹಿಂಬದಿಯಲ್ಲಿ ಚೌಕದ ಕಚ್ಚು, ಮುಂಬದಿಯಲ್ಲಿ ಚೌಕದ ಗೂಟ. ಗೂಟ ಕಚ್ಚಿನ ನಟ್ಟನಡುವೆ ಕೂರಬೇಕು, ಎರಡೂ ಬದಿ ಬೆಳಕಿನ ಗೆರೆ ಸಮ ಇರಬೇಕು, ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ನಿಮ್ಮ ದೃಷ್ಟಿ ಮುಂಬದಿಯ ಗೂಟದ ಮೇಲೆ ಸ್ಪಷ್ಟವಾಗಿ ನೆಟ್ಟಿರಬೇಕು. ಗುರಿಹಲಗೆಯ ಕಪ್ಪು ಮಸುಕಾಗಿ ಕಾಣಬೇಕು. ಮಸುಕಾಗಿಯೇ ಕಾಣಬೇಕು!

ಯಾಕೆಂದು ಲೆಕ್ಕ ಹಾಕಿ. ಎರಡು ಸೈಟ್‌ಗಳ, ಅಂದರೆ ಆ ಕಚ್ಚು ಮತ್ತು ಗೂಟದ, ನಡುವೆ ಸುಮಾರು 32 ಸೆಂಟಿಮೀಟರ್ ಅಂತರ, ಗುರಿ 10 ಮೀಟರ್ ದೂರ, ಅಂದರೆ ಮೂವತ್ತು ಪಟ್ಟಿಗೂ ಹೆಚ್ಚು. ಗೂಟ ಕಚ್ಚಿನಲ್ಲಿ ಒಂದೇ ಮಿಲಿಮೀಟರ್ ಸರಿದರೆ ಪೆಲೆಟ್ ಗುರಿಯಲ್ಲಿ 30 ಮಿ.ಮೀ. ಸರಿಯುತ್ತದೆ. ಅಂಕದ ಪ್ರತಿ ಉಂಗುರ 8 ಮಿ.ಮೀ. ಅಗಲ, ಸುಮಾರು ನಾಲ್ಕು ಅಂಕ ಹೋಯಿತು. ಅದೇ, ಸೈಟ್‌ಗಳ ಹೊಂದಾಣಿಕೆ ಕೆಡದೆ ಇಡೀ ಕೈ ಒಂದು ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಹೋದರೆ ಪೆಲೆಟ್ಟೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಕೈ ನಡುಗುವುದಕ್ಕೆ ಹೆದರಬೇಡಿ, ಒಲಿಂಪಿಕ್ಸ್‌ಗೆ ಹೋದವರ ಕೈಯೂ ಅಲುಗುತ್ತದೆ. ಸೈಟ್ ಕೆಡುವುದಕ್ಕೆ ಹೆದರಿ.

ಗುರಿಯನ್ನೂ ಕಪ್ಪಿನ ಮಧ್ಯಕ್ಕೆ ಇಡುವುದಿಲ್ಲ. ಕಪ್ಪು ಗೂಟ ಕಪ್ಪಿನಲ್ಲಿ ಕರಗಿಹೋಗುತ್ತದೆ. ಅದರ ಕೆಳಗಿನ ಬಿಳಿ ಜಾಗದಲ್ಲಿ, ನಡುವೆ ಒಂದಿಷ್ಟು ಬಿಳಿ ಬಿಟ್ಟು ಹಿಡಿಯಬೇಕು. ಪೆಲೆಟ್ ಮಧ್ಯಕ್ಕೆ ಹೋಗುವಂತೆ ಸೈಟ್ ತಿರುಪು ಹೊಂದಿಸಿರುತ್ತಾರೆ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚುವುದೂ ಬೇಡ, ಮುಖವೆಲ್ಲ ಬಿಗಿಯುತ್ತದೆ. ಅದರ ಮುಂದೆ ಚಿಕ್ಕದೊಂದು ಮರೆ ಕಟ್ಟಿಕೊಂಡರೆ ಸಾಕು.

ಉಸಿರು, ಬೆರಳು

ಉಸಿರೆಳೆದು ಪಿಸ್ತೂಲನ್ನು ಕಪ್ಪಿಗಿಂತ ಮೇಲಕ್ಕೆ ಎತ್ತಿ. ಉಸಿರು ಬಿಡುತ್ತಾ ನಿಧಾನವಾಗಿ ಇಳಿಸಿ, ಬಿಳಿ ಜಾಗಕ್ಕೆ ಬಂದಾಗ ಉಳಿದ ಉಸಿರನ್ನು ಹಾಗೇ ತಡೆಯಿರಿ. ಟ್ರಿಗರ್ ಎರಡು ಹಂತದಲ್ಲಿ ಹಿಂದೆ ಸರಿಯುತ್ತದೆ; ಮೊದಲ ಹಂತವನ್ನು ಪಿಸ್ತೂಲು ಇಳಿಸುವಾಗಲೇ ಎಳೆದುಕೊಂಡಿರಬೇಕು. ಇನ್ನು ಉಳಿದ ಒತ್ತಡವನ್ನು ಬೆರಳಿನ ಮೊದಲ ಗೆಣ್ಣಿನ ಮೆತ್ತೆಯಿಂದ ನೇರ ಹಿಂದಕ್ಕೆ, ಸಮನಾಗಿ ಹೆಚ್ಚಿಸುತ್ತಾ ಹೋಗಿ. ‘ಈಗ ಚೆನ್ನಾಗಿ ಕಾಣುತ್ತಿದೆ, ಹೊಡಿ’ ಎಂದು ಮನಸ್ಸು ಹೇಳಿದೊಡನೆ ಬೆರಳು ಜಗ್ಗುತ್ತದೆ. ಬಲಗೈಯವರಾದರೆ ಆ ಪೆಲೆಟ್ ಸಾಮಾನ್ಯವಾಗಿ ಕೆಳಗೆ ಎಡಕ್ಕೆ ಬೀಳುತ್ತದೆ.

ಐದರಿಂದ ಎಂಟು ಸೆಕೆಂಡಿನೊಳಗೆ ಹೊಡೆತ ಹೋಗದಿದ್ದರೆ ಪಿಸ್ತೂಲು ಇಳಿಸಿ, ಸುಧಾರಿಸಿಕೊಂಡು ಮತ್ತೆ ಎತ್ತಿ. ಮಕ್ಕಳಿಗೆ ಇದನ್ನು ಕಲಿಸುವುದು ಬಹಳ ಕಷ್ಟ. ಎತ್ತಿದ ಮೇಲೆ ಹೊಡೆಯಲೇಬೇಕು ಎಂಬ ಹಟ ಅವರದು. ಹೊಡೆದ ಮೇಲೂ ಒಂದೆರಡು ಸೆಕೆಂಡು ಹಾಗೇ ಗೂಟವನ್ನೇ ನೋಡುತ್ತಾ ನಿಲ್ಲಿ. ಕಾರ್ಡ್ ಅಥವಾ ಪರದೆ ನೋಡುವ ಮೊದಲೇ, ಗೂಟ ಕೊನೆಗೆ ಎಲ್ಲಿ ಕಂಡಿತೋ ಅದರಿಂದ ಪೆಲೆಟ್ ಎಲ್ಲಿ ಬಿದ್ದಿರಬೇಕೆಂದು ಹೇಳಿಕೊಳ್ಳಿ.

ಪೆಲೆಟ್ ಇಲ್ಲದ ಅಭ್ಯಾಸ

ಸ್ಪರ್ಧೆಯ ಪಿಸ್ತೂಲುಗಳಲ್ಲಿ ಗಾಳಿಯನ್ನೂ ಪೆಲೆಟ್ಟನ್ನೂ ಖರ್ಚು ಮಾಡದೆ ಟ್ರಿಗರ್ ಮಾತ್ರ ಎಳೆಯುವ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ. ಬರಿಯ ಬಿಳಿ ಗೋಡೆಯ ಕಡೆ ಹಿಡಿದು ದಿನಾ ಕಾಲು ಗಂಟೆ ಎಳೆಯಿರಿ. ಗುರಿಯೇ ಇಲ್ಲದ ಕಾರಣ ಕಣ್ಣು ತಾನಾಗಿ ಗೂಟಕ್ಕೆ ಅಂಟಿಕೊಳ್ಳುತ್ತದೆ, ಬೆರಳು ಜಗ್ಗಿದರೆ ಗೂಟ ಹಾರುವುದು ಕಣ್ಣಿಗೇ ಕಾಣುತ್ತದೆ. ಮನೆಯಲ್ಲಿ ಮಾಡುವುದಾದರೆ ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ ಬೀಗದಲ್ಲಿರಲಿ, ಕಿಟಕಿ ಬಾಗಿಲ ಕಡೆ ಹಿಡಿಯಬೇಡಿ, ಮನೆಮಂದಿ ಓಡಾಡುವ ಹೊತ್ತು ಬೇಡ.

ಕಾರ್ಡ್ ಓದುವುದು, ಪಿಸ್ತೂಲು ಕೊಳ್ಳುವುದು

ಮೊದಲ ದಿನಗಳಲ್ಲಿ ಅಂಕ ಕೂಡಿಸಬೇಡಿ, ಗುಂಪು ನೋಡಿ. ಹತ್ತು ಪೆಲೆಟ್ ಒತ್ತೊತ್ತಾಗಿ ಆರರ ಉಂಗುರದಲ್ಲಿ ಬಿದ್ದಿದ್ದರೆ ಅದು ಒಳ್ಳೆಯ ಕಾರ್ಡ್. ತಿರುಪು ತಿರುಗಿಸಿದರೆ ಮಧ್ಯಕ್ಕೆ ಬರುತ್ತದೆ. ಎರಡು ಹತ್ತು, ಒಂದು ಮೂರು, ಒಂದು ಹೊರಗೆ ಎಂಬಂತೆ ಚೆದುರಿದ್ದರೆ ಯಾವ ತಿರುಪೂ ನೆರವಾಗದು, ಸರಿಹೋಗಬೇಕಾದ್ದು ಬೆರಳು.

4.5 ಮಿ.ಮೀ. ವ್ಯಾಸದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಹಾಗೆಂದು ಸೇರಿದ ವಾರವೇ ಅಂಗಡಿಗೆ ಓಡಬೇಡಿ. ಸ್ಟೆಯರ್, ಮೊರಿನಿ, ಪಾರ್ದಿನಿಯಂಥ ವಿದೇಶಿ ಪಿಸ್ತೂಲುಗಳು ದುಬಾರಿ, ಅವುಗಳ ಮರದ ಹಿಡಿ ಅಂಗೈಯ ಅಳತೆಗೆ ತಕ್ಕಂತೆ ಬರುತ್ತದೆ. ಬೆಳೆಯುವ ಮಗುವಿನ ಅಂಗೈ ವರ್ಷದಲ್ಲಿ ಬದಲಾಗುತ್ತದೆ. ಕ್ಲಬ್ಬಿನ ಪಿಸ್ತೂಲಿನಲ್ಲೇ ಗುಂಪು ಬಿಗಿಯಾಗುವವರೆಗೆ ಕಲಿಯಲಿ. ಹಳೆಯದನ್ನು ಕೊಳ್ಳುವುದಾದರೆ ಗಾಳಿಯ ಸಿಲಿಂಡರ್ ಮೇಲಿನ ತಾರೀಖು ಮೊದಲು ನೋಡಿ. ಅದರೊಳಗೆ 200 ಬಾರ್ ಒತ್ತಡ ತುಂಬುತ್ತಾರೆ, ಅವಧಿ ಮುಗಿದ ಸಿಲಿಂಡರನ್ನು ಬಳಸುವಂತಿಲ್ಲ; ಹೊಸ ಸಿಲಿಂಡರಿನ ಬೆಲೆಯನ್ನೂ ಸೇರಿಸಿ ಚೌಕಾಸಿ ಮಾಡಿ.